ಮಧ್ಯಂತರದವರೆಗೆ ಮಾತ್ರ

ನಮ್ಮ ನೆಂಟರಲ್ಲಿ ಒಂದು ಕಥೆ ಓಡಾಡುತ್ತಿದೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ಊಟ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು. ನಮ್ಮಮ್ಮ ತಂಗಿಯನ್ನು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಕರೆತಂದು, ವಿನೋಬನಗರದ ನಮ್ಮ ಮನೆಯಲ್ಲಿ ಕೂರಿಸಿಕೊಂಡು, ಸಂಜೆ ಸಂಜೆ ಹಾಸ್ಯದ ಸಿನಿಮಾ ತೋರಿಸಿ ತೋರಿಸಿಯೇ ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡಿದಳಂತೆ. ನಗುವೇ ಔಷಧಿ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಎಂದು ಕೇಳುತ್ತಾರೆ.

ಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಏನಾದರೂ ಕಲಿತಿದ್ದರೆ ಅದು ಇಷ್ಟೇ: ಎದುರಿನವರು ಸಾಕ್ಷಿ ಎಂದು ಮುಂದಿಟ್ಟದ್ದನ್ನು ಮೊದಲು ತಿರುಗಿಸಿ ನೋಡಬೇಕು. ಚಿಕ್ಕಮ್ಮ ನಕ್ಕಳು ಎನ್ನುವುದು ನಿಜ, ನಾನೂ ಅಲ್ಲೇ ಇದ್ದೆ. ಆದರೆ ಆ ನಗು ಯಾವುದಕ್ಕೆ ಸಾಕ್ಷಿ? ಅದನ್ನೇ ನಂಬಿಕೊಂಡು ಅಪ್ಪ ಅಮ್ಮ, ಅವಳು ಇನ್ನು ಇಲ್ಲೇ ಇರುತ್ತಾಳೆ ಎಂದು ತೀರ್ಮಾನಿಸಿದರು. ಮದುವೆಯಾದಾಗಿನಿಂದ ಅವಳು ಸಂಸಾರ ಮಾಡಿದ್ದ ಭದ್ರಾವತಿಯ ಬಾಡಿಗೆ ಮನೆಯನ್ನು ಬಿಟ್ಟುಕೊಟ್ಟರು. ನನ್ನ ತಕರಾರು ಇರುವುದು ಅಲ್ಲಿ.

ಸಿನಿಮಾಗಳ ಮಾತು ಮೊದಲು ಹೇಳಿಬಿಡುತ್ತೇನೆ. ಅಮ್ಮನ ಕಾನೂನು ಸರಳವಾಗಿತ್ತು. ಸಾವು ಇರಬಾರದು, ಆಸ್ಪತ್ರೆ ಇರಬಾರದು, ಹಾರ ಹಾಕಿದ ಫೋಟೊ ಹಿಂದಿನ ಗೋಡೆಯ ಮೇಲೂ ಕಾಣಬಾರದು. ಪರೀಕ್ಷೆಯ ಕೆಲಸ ನನ್ನದು. ಮಧ್ಯಾಹ್ನ ಫೋನಿನಲ್ಲಿ ಮೊದಲೇ ನೋಡಿ, ಸಂಜೆ ಟಿವಿಗೆ ಹಾಕಬಹುದೋ ಇಲ್ಲವೋ ಹೇಳಬೇಕು. ಸ್ವಲ್ಪ ದಿನಕ್ಕೇ ಒಂದು ವಿಷಯ ಅರ್ಥವಾಯಿತು: ನಮ್ಮ ಹಾಸ್ಯಚಿತ್ರಗಳಿಗೆ ತಮ್ಮ ಹಾಸ್ಯದ ಮೇಲೆಯೇ ನಂಬಿಕೆಯಿಲ್ಲ. ಮಧ್ಯಂತರದವರೆಗೆ ನಾಯಕ ಸೀರೆ ಉಟ್ಟು ಓಡಾಡುತ್ತಾನೆ, ಭಾವೀ ಮಾವ ಕೆಸರಿಗೆ ಬೀಳುತ್ತಾನೆ, ಗೆಳೆಯ ಎಲ್ಲರ ಕೈಯಲ್ಲೂ ಕೆನ್ನೆಗೆ ಹೊಡೆಸಿಕೊಳ್ಳುತ್ತಾನೆ. ಮಧ್ಯಂತರ ಮುಗಿದದ್ದೇ ಮನೆಯ ಹಿರಿಯರಿಗೆ ಕೆಮ್ಮು ಶುರು. ಹಾಗೆ ಕೆಮ್ಮಿದವರು ಕ್ಲೈಮ್ಯಾಕ್ಸ್‌ವರೆಗೆ ಉಳಿದದ್ದನ್ನು ನಾನಂತೂ ಕಂಡಿಲ್ಲ. ಇಷ್ಟು ಹೊತ್ತು ನಗಿಸಿದ್ದು ತಪ್ಪಾಯಿತು, ಕ್ಷಮಿಸಿ ಎನ್ನುವಂತೆ ದ್ವಿತೀಯಾರ್ಧವಿಡೀ ಅಳಿಸುತ್ತಾರೆ.

"ಒಂದೂ ಪಾಸಾಗ್ತಿಲ್ಲಮ್ಮ" ಎಂದೆ.

"ಎಲ್ಲೀವರೆಗೆ ಚೆನ್ನಾಗಿದೆ?"

"ಇಂಟರ್ವಲ್‌ವರೆಗೆ."

"ಅಲ್ಲಿಗೇ ನಿಲ್ಸಿದ್ರಾಯ್ತಲ್ಲ ಮಾರಾಯ್ತಿ. ಅದಕ್ಯಾಕೆ ಇಷ್ಟು ಭಾಷಣ?"

"ಆಮೇಲೇನಾಯ್ತು ಅಂತ ಅವ್ಳು ಕೇಳಲ್ವಾ?"

"ಕೇಳಿದ್ರೆ ಅನ್ನಕ್ಕಿಡೋ ಹೊತ್ತಾಯ್ತು ಅಂತೀನಿ."

ಹೀಗೆ ನಮ್ಮದು ಮೊದಲರ್ಧವನ್ನಷ್ಟೇ ನೋಡುವ ಮನೆಯಾಯಿತು. ಪ್ರೇಮಿಗಳು ಸೇರಿದರೋ ಇಲ್ಲವೋ, ಕಳ್ಳ ಸಿಕ್ಕನೋ ಇಲ್ಲವೋ, ಯಾವುದೂ ತಿಳಿಯದೆ ಎದ್ದು ತಟ್ಟೆ ಹಾಕುತ್ತಿದ್ದೆವು. ಚಿಕ್ಕಮ್ಮ ಒಂದು ದಿನವೂ ಮುಂದೇನಾಯಿತೆಂದು ಕೇಳಲಿಲ್ಲ. ಅಮ್ಮನಿಗೆ ಅದು ಸಮಾಧಾನದ ಲಕ್ಷಣವಾಗಿ ಕಂಡಿತು. ಅರ್ಧಕ್ಕೆ ನಿಂತ ಕಥೆಯ ಬಗ್ಗೆ ಕುತೂಹಲವೇ ಇಲ್ಲದವರು ಕಥೆ ನೋಡುತ್ತಿದ್ದಾರೆ ಎಂದು ನಾನು ಒಪ್ಪುವುದಿಲ್ಲ.

ಹಾಗಾಗಿ ಟಿವಿ ಬಿಟ್ಟು ಅವಳನ್ನು ನೋಡತೊಡಗಿದೆ. ಅಮ್ಮನ ನಗು ತೊಡೆ ತಟ್ಟಿಕೊಂಡು ಬರುವಂಥದ್ದು. ಚಿಕ್ಕಮ್ಮ ಮೊದಲು ಅಮ್ಮನ ಮುಖ ನೋಡುತ್ತಿದ್ದಳು, ಆಮೇಲೆ ನಗುತ್ತಿದ್ದಳು. ಕುಕ್ಕರ್ ಕೂಗಿತೆಂದು ಅಮ್ಮ ಎದ್ದು ಹೋದಾಗ ಎಂಥ ತಮಾಷೆ ಬಂದರೂ, ಅಡಿಕೆ ಧಾರಣೆ ಕೇಳುವವಳಂತೆ ಸುಮ್ಮನೆ ಕೂತಿರುತ್ತಿದ್ದಳು.

"ಅವ್ಳು ಪಿಕ್ಚರ್ ನೋಡಿ ನಗ್ತಿಲ್ಲ, ನಿನ್ನ ನೋಡಿ ನಗ್ತಿದಾಳೆ" ಎಂದು ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ.

"ಯಾರನ್ನ ನೋಡಿ ನಕ್ರೇನು, ನಕ್ಳಲ್ಲ."

ಆ ದಿನಗಳಲ್ಲಿ ಚಿಕ್ಕಪ್ಪನ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವರಿಗೆ ಇಷ್ಟವಾದ ಪಲ್ಯ ಮಾಡಿದ ದಿನ ಅಮ್ಮ ಅದರ ಹೆಸರನ್ನೂ ಹೇಳದೆ ಬಡಿಸುತ್ತಿದ್ದಳು.

ಬೀಗ ಹಾಕಿದ ಮನೆ ಹಾಗೇ ಬಿದ್ದಿದೆ ಎಂದು ಭದ್ರಾವತಿಯ ಮನೆ ಮಾಲೀಕರು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದರು. "ಖಾಲಿ ಮಾಡಿ ಕೊಟ್ಬಿಡೋಣ. ಇಲ್ಲಿ ಹೊಂದ್ಕೊಂಡಿದಾಳಲ್ಲ, ನೋಡ್ತಿಲ್ವಾ ಹೆಂಗೆ ನಗ್ತಾಳೆ" ಎಂದರು ಅಪ್ಪ. ಅವಳನ್ನು ಕರೆದುಕೊಂಡು ಹೋದರೆ ಮತ್ತೆ ಮೊದಲಿನ ಹಾಗೆ ಆಗುತ್ತಾಳೆಂದು, ಅವಳಿಗೆ ಏನೂ ಹೇಳದೆ ಮನೆಯಲ್ಲೇ ಬಿಟ್ಟು, ನಾವು ಮೂವರೇ ಲಗೇಜ್ ಆಟೊ ಗೊತ್ತುಮಾಡಿಕೊಂಡು ಹೋದೆವು.

ಆ ಬೀದಿಯವರೆಲ್ಲ ಕಾರ್ಖಾನೆಯ ಸಂಬಳದ ಮೇಲೆ ಬದುಕಿದವರು. ಚಿಕ್ಕಪ್ಪನೂ ಅಲ್ಲಿಯೇ ಕೆಲಸದಲ್ಲಿದ್ದವರು. ಪಕ್ಕದ ಮನೆಯ ತಮಿಳು ಹೆಂಗಸು ಸಾಮಾನು ಹೊರಗೆ ಬರುವುದನ್ನು ನೋಡಿ ಕಾಂಪೌಂಡಿನ ಹತ್ತಿರ ಬಂದರು.

"ಅಕ್ಕ ಬರ್ಲಿಲ್ವಾ?"

"ಅವ್ಳು ಚೆನ್ನಾಗಿದಾಳೆ. ದಿನಾ ಕಾಮಿಡಿ ಪಿಕ್ಚರ್ ನೋಡ್ಕೊಂಡು ನಗ್ತಾ ಇರ್ತಾಳೆ" ಎಂದಳು ಅಮ್ಮ.

"ಅಕ್ಕನಾ? ಕಾಮಿಡಿನಾ?" ಅವರು ನಂಬದವರಂತೆ ನನ್ನ ಕಡೆ ನೋಡಿದರು. "ಅವ್ರಿಗೆ ಅಳೋ ಪಿಕ್ಚರೇ ಆಗ್ಬೇಕಮ್ಮ. ಅಣ್ಣಂಗೆ ರಜಾ ಇದ್ದ ದಿನ ಇಬ್ರೂ ಕೂತ್ಕೊಂಡು ನೋಡೋರು. ಅಕ್ಕ ಅಳೋದು, ಅಣ್ಣ ನಗೋದು, ಎರಡೂ ನಮ್ಮನೆಗೆ ಕೇಳ್ಸೋದು. ಇಂಟರ್ವಲ್ ಆದ ತಕ್ಷಣ ಅಣ್ಣ ಒಂದು ಟವೆಲ್ ತಂದು ಅಕ್ಕನ ಮಡಿಲಿಗೆ ಹಾಕೋರು. 'ತಗೋ, ಇನ್ನು ನಿನ್ನ ಭಾಗ ಶುರು' ಅಂತ. ಅದೇ ಅವ್ರಿಗೆ ಆಟ."

ಅಮ್ಮ ಪಾತ್ರೆಯ ಮೂಟೆಯ ಗಂಟು ಬಿಗಿಯುತ್ತಾ, "ಆಗಿನ ಮಾತು ಬೇರೆ ಬಿಡ್ರೀ" ಎಂದಳು. "ಈಗ ಅತ್ತಿದ್ದು ಸಾಕಾಗಿದೆ."

ಅವಳು ಅತ್ತದ್ದನ್ನು ನಮ್ಮಲ್ಲಿ ಯಾರು ನೋಡಿದ್ದೇವೆ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ವೇದಿಕೆಯಾಗಿದ್ದರೆ ಕೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಅಲ್ಲಿ ಮಂಚದ ಇನ್ನೊಂದು ತುದಿ ಹಿಡಿದಿದ್ದೆ. ಚಿಕ್ಕಪ್ಪನ ಅಂಗಿಗಳನ್ನು ಅಪ್ಪ ಬೀದಿಯಲ್ಲೇ ಯಾರಿಗೋ ಕೊಟ್ಟರು. ಮಧ್ಯಾಹ್ನದೊಳಗೆ ಬೀಗದ ಕೈ ಮಾಲೀಕರ ಕೈ ಸೇರಿತು.

ಸಂಜೆ ಕಾಫಿ ಕೊಡುವಾಗ ಅಮ್ಮ ವಿಷಯ ತಿಳಿಸಿದಳು. ಸಾಮಾನೆಲ್ಲ ಮಹಡಿ ರೂಮಿನಲ್ಲಿದೆ, ನಿನಗೆ ಬೇಕಾದ್ದು ತೆಗೆದುಕೋ ಎಂದಳು. ಚಿಕ್ಕಮ್ಮ ಲೋಟದ ಅಂಚನ್ನು ಸೆರಗಿನಿಂದ ಒರೆಸಿದಳು.

"ಪಕ್ಕದ್ಮನೆಯೋರಿಗೆ ಹೇಳ್ಬಂದ್ರಾ?"

"ಹೇಳಿದ್ವಿ."

"ಹೂಂ."

ಅಷ್ಟೇ. ಅಮ್ಮ ಅಡುಗೆಮನೆಗೆ ಹೋಗುತ್ತಾ, ಏನಾದರೂ ಹಾಕು ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಹಿಂದಿನ ದಿನವೇ ನಾನು ಪಾಸು ಮಾಡಿಟ್ಟಿದ್ದ ಸಿನಿಮಾ ಒಂದಿತ್ತು. ಸಾವಿಲ್ಲ, ಆಸ್ಪತ್ರೆಯಿಲ್ಲ, ಹಾರದ ಫೋಟೊ ಇಲ್ಲ. ಮಧ್ಯಂತರಕ್ಕೆ ಮೊದಲು ಒಂದು ದೃಶ್ಯ. ಮನೆ ಮಾಲೀಕ ಬಾಡಿಗೆಯವರ ಪಾತ್ರೆಪಡಗವನ್ನು ಒಂದೊಂದಾಗಿ ಬೀದಿಗೆ ಎಸೆಯುತ್ತಾನೆ, ನಾಯಕ ಕ್ರಿಕೆಟ್ ಆಟಗಾರನ ಹಾಗೆ ಹಾರಿ ಹಾರಿ ಹಿಡಿಯುತ್ತಾನೆ. ಪರೀಕ್ಷೆ ಮಾಡುವಾಗ ನನಗೆ ಅದರಲ್ಲಿ ಆಕ್ಷೇಪಿಸುವಂಥದ್ದು ಏನೂ ಕಂಡಿರಲಿಲ್ಲ.

ಚಿಕ್ಕಮ್ಮ ನಕ್ಕಳು. ಅಮ್ಮ ಅಲ್ಲಿರಲಿಲ್ಲ, ಯಾರ ಮುಖವನ್ನೂ ನೋಡದೆ, ದೊಡ್ಡದಾಗಿ, ಒಬ್ಬಳೇ ನಕ್ಕಳು. ದೃಶ್ಯ ಮುಗಿದು ಹಾಡು ಶುರುವಾದ ಮೇಲೂ ನಗುತ್ತಿದ್ದಳು. ಪೇಪರಿನಿಂದ ತಲೆಯೆತ್ತಿದ ಅಪ್ಪ ನನ್ನತ್ತ ತಿರುಗಿ, "ನೋಡಿದ್ಯಾ?" ಎಂದರು, ಕೇಸು ಗೆದ್ದವರ ಹಾಗೆ. ನಾನು ಟಿವಿಯ ಸದ್ದು ಕಡಿಮೆ ಮಾಡಿದೆ. ಸದ್ದಿಲ್ಲದ ಕೋಣೆಯಲ್ಲಿ ಆ ನಗು ಇನ್ನೂ ಕೆಟ್ಟದಾಗಿ ಕೇಳಿಸಿತು. ಹೆಚ್ಚುಮಾಡಿದೆ.

ನೆಂಟರು ಹೇಳುವ ಕಥೆಯಲ್ಲಿ ಈ ಸಂಜೆಗೆ ವಿಶೇಷ ಸ್ಥಾನವಿದೆ. ಮನೆ ಖಾಲಿ ಮಾಡಿದ ದಿನವೂ ಹೇಗೆ ನಕ್ಕಳು ಗೊತ್ತಾ, ಅಷ್ಟು ಗಟ್ಟಿಯಾಗಿದ್ದಾಳೆ ಎಂದು.

ಮೊನ್ನೆ ಹೊಳಲೂರಿನಲ್ಲಿ ನೆಂಟರ ಮಗುವಿನ ನಾಮಕರಣ. ಪಂಕ್ತಿಯಲ್ಲಿ ಯಾರೋ ಮತ್ತೆ ಅದೇ ಕಥೆ ತೆಗೆದರು, ಅಮ್ಮ ಹೋಳಿಗೆ ಮುರಿಯುತ್ತಾ ಹೊಗಳಿಕೆ ಕೇಳಿಸಿಕೊಂಡಳು. ತುಪ್ಪ ಬಡಿಸುತ್ತಿದ್ದ ಚಿಕ್ಕಮ್ಮ, "ಹೌದೌದು, ಅಕ್ಕ ಇಲ್ದಿದ್ರೆ ನಾನೆಲ್ಲಿರ್ತಿದ್ದೆ" ಎಂದು ಮುಂದಿನ ಎಲೆಗೆ ಹೋದಳು. ಆ ಮಾತನ್ನು ನಾನು ಎರಡೂ ಕಡೆಯಿಂದ ತಿರುಗಿಸಿ ನೋಡಿದೆ, ಯಾವ ಪಕ್ಷಕ್ಕೆ ಸೇರಿಸಬೇಕೋ ತಿಳಿಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಕೂತಿದ್ದೆ. ಅಪ್ಪ ಅಮ್ಮ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಅವಳ ನಗುವಿನ ಬಗ್ಗೆ ನಾನು ಅಪ್ಪನ ಹತ್ತಿರ ವಾದ ಮಾಡಿದ್ದೆ, ಅಮ್ಮನ ಹತ್ತಿರ ಮಾಡಿದ್ದೆ, ಇಲ್ಲಿ ನಿಮ್ಮ ಹತ್ತಿರವೂ ಮಾಡುತ್ತಿದ್ದೇನೆ. ಅವಳ ಹತ್ತಿರ ಮಾತ್ರ ಆ ಮಾತು ಎತ್ತಿರಲಿಲ್ಲ. ಅವಳು ಕಿಟಕಿಯ ಸರಳಿಗೆ ಹಣೆ ಆನಿಸಿಕೊಂಡು ಹೊರಗೆ ನೋಡುತ್ತಿದ್ದಳು. ಶಿವಮೊಗ್ಗದ ಅಂಗಡಿಗಳು ಕಾಣತೊಡಗುವ ಹೊತ್ತಿಗೆ ಕೇಳಿಯೇಬಿಟ್ಟೆ.

"ಚಿಕ್ಕಮ್ಮ, ನಿನಗೆ ಭದ್ರಾವತಿ ಮನೇಲೇ ಇರ್ಬೇಕು ಅನ್ಸಿತ್ತಾ?"