ಮಂಜನ ಜೀನ್ ಪರೀಕ್ಷೆ ಮಾಡಿಸಿದ ವರ್ಷ

ನಮ್ಮ ಹೊನ್ನವಳ್ಳಿಯಲ್ಲಿ ಆಗೆಲ್ಲ ಯಾರ ಮನೆಗೆ ಕಾಲಿಟ್ಟರೂ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ಅಟ್ಟದ ಮೇಲೆ ಒಣಗುತ್ತಿದ್ದ ಕೊಬ್ಬರಿಯ ವಾಸನೆ. ಅಟ್ಟದಿಂದ ಕಾಯಿ ಇಳಿಸುವ ದಿನವಂತೂ ಪಕ್ಕದ ಬೀದಿಗೂ ಕೇಳುವಷ್ಟು ಸದ್ದು. ಅಂಥ ಒಂದು ದಿನ, ಕಾಯಿಗಳು ದಡದಡ ಉರುಳಿ ಬೀಳುತ್ತಿದ್ದರೂ ನಡುಮನೆಯಲ್ಲಿ ಮಲಗಿದ್ದ ನನ್ನ ತಮ್ಮ ಮಂಜ ಕಣ್ಣು ಬಿಡಲಿಲ್ಲ. ಅವನಿಗೆ ಕಿವಿ ಕೇಳಿಸುವುದಿಲ್ಲವೆಂದು ನಮಗೆ ಗೊತ್ತಾದದ್ದು ಹಾಗೆ.

ಅವತ್ತಿನಿಂದ ಅಪ್ಪನ ತಾಯಿ, ನಮ್ಮಜ್ಜಿ, ಒಂದೇ ಮಾತು ಹಿಡಿದಳು. "ಗ್ರಹಣದ ದಿನ ಹೊರಗೆ ಬರಬ್ಯಾಡ ಕಣೇ ಅಂದ್ರೆ ಕೇಳಿದ್ಯಾ? ಬಸುರಿ ಹೆಂಗಸು ಹಿತ್ತಲಲ್ಲಿ ಓಡಾಡಿದೆ. ಈಗ ನೋಡು, ಮಗ ಅನುಭವಿಸ್ತಾ ಅವ್ನೆ."

ಅಮ್ಮ ಅಜ್ಜಿಗೆ ಬರೀ ಸೊಸೆಯಲ್ಲ, ಹಿರಿಮಗಳ ಮಗಳು. ಅಂದರೆ ಅಪ್ಪ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ನಮ್ಮ ಕಡೆ ಅದೇನೂ ವಿಶೇಷವಲ್ಲ. ಅಪ್ಪನ ತಮ್ಮ ರಂಗ ಚಿಕ್ಕಪ್ಪನಿಗೂ ಅಮ್ಮನ ತಂಗಿ ಲತಾ ಚಿಕ್ಕಮ್ಮನಿಗೂ ಮದುವೆ ಮಾತಾಗಿತ್ತು.

ಆ ವರ್ಷ ಅವರೆಕಾಯಿ ಕಾಲಕ್ಕೆ ಚಿಕ್ಕಮ್ಮ ನಮ್ಮಲ್ಲಿಗೆ ಬಂದಿದ್ದಳು. ಕಾಯಿ ಸುಲಿದ ಕೈಯ ಸೊಗಡನ್ನು ಮಂಜನ ಮೂಗಿಗೆ ಹಿಡಿದು ನಗಿಸುವಳು. ಕಣ್ಣಾಮುಚ್ಚಾಲೆಯಲ್ಲಿ ಅವನು ಸಿಕ್ಕಿಬಿದ್ದರೆ ಕೂಗುವ ಬದಲು ಎರಡೂ ಕೈ ಮೇಲೆತ್ತಿ ಕುಣಿಯುವಳು. ನಾವೂ ಹಾಗೇ ಕಲಿತೆವು.

ತಿಪಟೂರಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಕಾರಣ ತಿಳಿಯಬೇಕಾದರೆ ಮಂಜನ ಜೊತೆ ಅಪ್ಪ ಅಮ್ಮನ ರಕ್ತವನ್ನೂ ಪರೀಕ್ಷೆ ಮಾಡಬೇಕು ಅಂದರು ಅಲ್ಲಿನ ಡಾಕ್ಟರಮ್ಮ. ಮನೆಯಲ್ಲಿ ಅಂಥದೇ ಇನ್ನೊಂದು ಮದುವೆಯ ಮಾತಾಗಿದೆ ಎಂದು ಅಪ್ಪ ಹೇಳಿದಾಗ, "ಅವರಿಬ್ಬರನ್ನೂ ಕರ್ಕೊಂಡು ಬನ್ನಿ" ಅಂದರು. ಎಲ್ಲರೂ ರೈಲಿನಲ್ಲಿ ಹೋಗಿ ರಕ್ತ ಕೊಟ್ಟು ಬಂದರು.

ಆಮೇಲೆ ತಿಂಗಳುಗಟ್ಟಲೆ ಕಾಯುವುದು. ಮದುವೆಯ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಎದುರುಮನೆಯ ಫೋನು ಹೊಡೆದುಕೊಂಡರೆ ಚಿಕ್ಕಪ್ಪ ಎದ್ದು ನಿಲ್ಲುತ್ತಿದ್ದ. ಒಂದು ಸಂಜೆ ಮುದ್ದೆ ಕಟ್ಟುತ್ತಿದ್ದ ಅಮ್ಮ ಕೈ ನಿಲ್ಲಿಸಿ, ಒಂಬತ್ತು ವರ್ಷದ ನನ್ನನ್ನು ಕೇಳಿದಳು: "ನಂದೇ ತಪ್ಪು ಅಂತ ಬಂದ್ರೆ ಏನ್ಮಾಡ್ಲೇ?"

ಕರೆ ಬಂದಾಗ ಅಜ್ಜಿಯೂ ಹಟ ಹಿಡಿದು ಹೊರಟಳು, ನಾನೂ ಹೋದೆ.

"ಗ್ರಹಣದಿಂದ ಬಂದದ್ದಲ್ಲ ಅಜ್ಜಿ," ಅಂದರು ಡಾಕ್ಟರಮ್ಮ. "ಒಂದು ಜೀನಿನಲ್ಲಿರೋ ದೋಷ ಇದು. ನಿಮ್ಮ ಮಗನಲ್ಲೂ ಇದೆ, ಸೊಸೇಲೂ ಇದೆ. ಒಬ್ಬರಿಂದ ಮಾತ್ರ ಬಂದಿದ್ರೆ ಮಗೂಗೆ ಏನೂ ಆಗ್ತಿರಲಿಲ್ಲ. ಇವನಿಗೆ ಇಬ್ಬರಿಂದಲೂ ಬಂದಿದೆ. ರಕ್ತಸಂಬಂಧದಲ್ಲಿ ಮದುವೆಯಾದಾಗ ಇದು ಜಾಸ್ತಿ." ಆಮೇಲೆ ಚಿಕ್ಕಪ್ಪ ಚಿಕ್ಕಮ್ಮನ ಕಡೆ ತಿರುಗಿದರು. "ನಿಮ್ಮಿಬ್ಬರಲ್ಲೂ ಅದೇ ಇದೆ. ಮಕ್ಕಳೆಲ್ಲ ಹೀಗೇ ಹುಟ್ತಾರೆ ಅಂತಲ್ಲ. ಹುಟ್ಟಬಹುದು. ಯೋಚನೆ ಮಾಡಿ."

ಅಮ್ಮ ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗ, ಮೊಮ್ಮಗಳು, ಇಬ್ಬರೂ ಅವಳದೇ ರಕ್ತ.

ಮನೆಗೆ ಬಂದ ಮಾರನೆಯ ದಿನ ಚಿಕ್ಕಪ್ಪ ಎಲ್ಲರೆದುರೇ ಹೇಳಿದ. "ಆದದ್ದಾಗ್ಲಿ ಕಣೇ ಲತಾ. ಮಗು ಹೆಂಗಿದ್ರೂ ಸಾಕ್ತೀನಿ."

"ಕಿವಿ ಕೇಳದ ಮಗೂಗೆ ನಾನು ಹೆದರಲ್ಲ ಮಾವ," ಅಂದಳು ಚಿಕ್ಕಮ್ಮ. "ಮಂಜನ್ನ ಎತ್ತಿ ಆಡಿಸ್ತಿಲ್ವಾ? ಆದ್ರೆ ಅಕ್ಕ ಈ ಮನೇಲಿ ಕೇಳಿದ ಮಾತು ನನ್ ಕೈಲಿ ಕೇಳಕ್ಕಾಗಲ್ಲ."

ಕಂಬ ಹಿಡಿದು ನಿಂತಿದ್ದ ಅಜ್ಜಿ, "ಬುಡೇ, ಇನ್ನು ಅನ್ನಲ್ಲ ಕಣವ್ವ" ಅಂದಳು. ಚಿಕ್ಕಮ್ಮ ತಲೆ ಎತ್ತಲಿಲ್ಲ.

ಅಜ್ಜಿ ಸಾಯುವತನಕ ಆ ಮಾತು ಉಳಿಸಿಕೊಂಡಳು. ಚಿಕ್ಕಮ್ಮ ಅರಸೀಕೆರೆ ಕಡೆಗೆ, ಹೊರಗಿನ ಸಂಬಂಧಕ್ಕೆ ಮದುವೆಯಾಗಿ ಹೋದಳು. ಮಂಜ ಈಗ ತಿಪಟೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಯಾರಿಗೂ ಕೆಟ್ಟದ್ದಾಗಲಿಲ್ಲ ಅನ್ನಬೇಕು. ಆದರೆ ಚಿಕ್ಕಪ್ಪ ಮದುವೆಯಾಗಲೇ ಇಲ್ಲ, ಇವತ್ತಿಗೂ ನಮ್ಮ ಜೊತೆಯಲ್ಲೇ ಇದ್ದಾನೆ. ಚಿಕ್ಕಮ್ಮ ನಮ್ಮ ಮನೆಗೆ ಬಂದರೆ ಸಂಜೆ ಬಸ್ಸಿಗೆ ಹೊರಟುಬಿಡುತ್ತಾಳೆ. ಇವತ್ತೊಂದಿನ ಇರೇ ಎಂದು ಅಮ್ಮನೂ ಒಮ್ಮೆಯೂ ಒತ್ತಾಯ ಮಾಡಿಲ್ಲ.