ಹಗ್ಗದ ಸಾಹೇಬರು ಕಲಿಸಿದ ಗುಡ್ಡ

ಎರಡು ಸಾವಿರದ ದಶಕದ ಆರಂಭದಲ್ಲಿ ನಾನು ಬ್ಯಾಡಗಿಯಲ್ಲಿ ಹೈಸ್ಕೂಲ್ ಮಾಸ್ತರನಾಗಿದ್ದೆ. ಆಗ ಹಾವೇರಿಯ ಬಟ್ಟೆ ಅಂಗಡಿಯ ಮಾಲೀಕರೊಬ್ಬರು ಹಿಮಾಲಯಕ್ಕೆ ಹೋಗಿ, ಒಂದು ತಿಂಗಳ ತರಬೇತಿ ಮುಗಿಸಿ, ಪರ್ವತಾರೋಹಣದ ಗೈಡ್ ಆಗಿ ಮರಳಿದರು. ಹೆಗಲಿಗೆ ಕೆಂಪು ಹಗ್ಗದ ಸುರುಳಿ. ಬಸ್ಸಿನಲ್ಲಿ ಕುಳಿತಾಗಲೂ ಅದನ್ನು ಇಳಿಸುತ್ತಿರಲಿಲ್ಲ. ಹಾಗಾಗಿ ನಮಗೆಲ್ಲ ಅವರು ಹಗ್ಗದ ಸಾಹೇಬರು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅವರನ್ನು ಬಾವಿ ಹೂಳೆತ್ತುವವರೆಂದು ತಿಳಿದು ಕೂಲಿ ಎಷ್ಟೆಂದು ಕೇಳಿದ್ದ.

ಹಲಗೇರಿಯ ಆಚೆ ಒಂದು ಗುಡ್ಡದಲ್ಲಿ ಅವರು ನಮಗೆ ಗೈಡ್ ತರಬೇತಿಯ ಶಿಬಿರ ಮಾಡಿದರು. ನಾವು ಹನ್ನೆರಡು ಜನ, ಎಲ್ಲರೂ ಮಾಸ್ತರರು, ಗುಮಾಸ್ತರು. ಜೊತೆಗೊಬ್ಬ ಕುರಿಗಾಹಿ. ಕಾಲೇಜಿನವರನ್ನು ವರ್ಷಗಳಿಂದ ಆ ಗುಡ್ಡ ಹತ್ತಿಸಿ ಇಳಿಸುತ್ತಿದ್ದವನು ಅವನೇ. ಆ ಚೂರುಪಾರು ಸಂಪಾದನೆ ಅವನ ಮನೆಗೆ ಬೇಕಿತ್ತು. ಸಾಹೇಬರು ಅವನ ತಲೆಯ ಮೇಲೆ ನೀರಿನ ಕ್ಯಾನ್ ಹೊರಿಸಿ, ಬೇವಿನ ಮರದಡಿ ನಮಗೆ ಗೈಡ್ ವೃತ್ತಿಯ ಇತಿಹಾಸ ಬೋಧಿಸಿದರು. ಯುರೋಪಿನ ಹಿಮಪರ್ವತಗಳಲ್ಲಿ ಮೊದಲ ಗೈಡ್‌ಗಳೆಂದರೆ ಆಡು ಕಾಯುವವರು, ಬೇಟೆಗಾರರು. ಪಟ್ಟಣದ ಶ್ರೀಮಂತರು ಶಿಖರ ಹತ್ತಲು ಬಂದಾಗ ದಾರಿ ಗೊತ್ತಿದ್ದದ್ದು ಅವರಿಗೆ ಮಾತ್ರ. ಸಂಘ, ಪರೀಕ್ಷೆ, ಲೈಸೆನ್ಸ್ ಎಲ್ಲ ಬಂದದ್ದು ಆಮೇಲೆ. ಹನ್ನೆರಡೂ ಜನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಕುರಿ ಕಾಯುವವನು ಎದುರಿಗೇ ಬೆವರು ಸುರಿಸುತ್ತ ನಿಂತಿದ್ದ. ಒಬ್ಬರ ತಲೆಗೂ ಹೊಳೆಯಲಿಲ್ಲ. ಓದಿದವರಲ್ಲವೇ!

ಮಧ್ಯಾಹ್ನ ಸಾಹೇಬರು ನಕಾಶೆ ನೋಡಿ ಒಳದಾರಿ ಹಿಡಿಸಿದರು. ಅದು ಬಂಡೆಯ ಅಂಚಿಗೆ ಹೋಗಿ ಮುಗಿಯಿತು. ಹಗ್ಗ ಬಿಚ್ಚಲು ಹೋದರೆ ಗಂಟು ಬಿಚ್ಚಲಿಲ್ಲ. ನಾನು ಬಂಡೆಯನ್ನು ತಬ್ಬಿಕೊಂಡು ಕುಳಿತುಬಿಟ್ಟೆ. ಕುರಿಗಾಹಿ ಬಂಡೆಯ ಸಂದಿನಲ್ಲಿ ಕೆಳಗಿಳಿದು ನಿಂತ.

“ಕೆಳಗ ನೋಡಬ್ಯಾಡ್ರಿ ಮಾಸ್ತರ್ರ. ನನ್ನ ಹೆಗಲ ಮ್ಯಾಲೆ ಕಾಲಿಡ್ರಿ.”

ಬೂಟಿನ ಕಾಲನ್ನೇ ಇಟ್ಟೆ. ಹನ್ನೆರಡು ಜನರನ್ನೂ, ಕೊನೆಗೆ ಸಾಹೇಬರನ್ನೂ ಅವನು ಹಾಗೆಯೇ ಇಳಿಸಿದ.

ಸಂಜೆ ಸರ್ಟಿಫಿಕೇಟ್ ಹಂಚಿಕೆ. ಅಕ್ಷರ ದುಂಡಗಿದೆ ಎಂದು ಹೆಸರು ಬರೆಯುವ ಕೆಲಸ ನನಗೆ ಬಂದಿತ್ತು. ಇನ್ನು ಮುಂದೆ ಸರ್ಟಿಫಿಕೇಟ್ ಇದ್ದವರಷ್ಟೇ ಈ ಗುಡ್ಡಕ್ಕೆ ಗೈಡ್, ಕಾಲೇಜಿನವರಿಗೂ ಹೇಳಿಯಾಗಿದೆ ಎಂದು ಸಾಹೇಬರು ಸಾರಿದರು. ಕುರಿಗಾಹಿ ನನ್ನ ಬಳಿ ಬಂದ.

“ನನಗೂ ಒಂದು ಬರದು ಕೊಡ್ರಿ ಮಾಸ್ತರ್ರ. ಇಲ್ಲಂದ್ರ ಈ ಕೆಲಸಾ ಹೋಗತೈತ್ರಿ.”

ಹೆಸರು ಬರೆಯದ ಒಂದು ಸರ್ಟಿಫಿಕೇಟ್ ಕೈಯಲ್ಲೇ ಇತ್ತು.

“ತರಬೇತಿ ಆದವರಿಗಷ್ಟ ಕೊಡೂದಪಾ,” ಎಂದೆ.

ಸಾಹೇಬರನ್ನು ನಾನು ಇಂದಿಗೂ ಆಡಿಕೊಂಡು ನಗುತ್ತೇನೆ. ಆದರೆ ಮುಂದಿನ ತಿಂಗಳು ಕಾಲೇಜಿನವರಿಗೆ ಗೈಡ್ ಆಗಿ ಹೋದವನು ನಾನು. ದಾರಿ ಗೊತ್ತಿರಲಿಲ್ಲ, ಆ ಕುರಿಗಾಹಿಯನ್ನೇ ಕರೆಸಿ ಮುಂದೆ ನಡೆಸಿದೆ. “ಇವರು ಯಾರ್ರಿ ಸರ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅವನಿಗೂ ಕೇಳಿಸುವ ಹಾಗೆ “ಕೂಲಿಯವ” ಎಂದೆ.