ಕರಾರು ಮುಗಿಯುವ ಮೊದಲೇ ಬಂದವರು

ಹೋದ ವಾರ ಸಿರ್ಗಾಪುರದಿಂದ ಶೇರ್ ಆಟೋದಲ್ಲಿ ಬರುತ್ತಿದ್ದೆ. ಅಣ್ಣ ಕುರಿಗಳಿಗೆಂದು ತರಿಸಿದ್ದ ಕಲ್ಲುಪ್ಪಿನ ಚೀಲ ನನ್ನ ಕಾಲಡಿಯಲ್ಲಿತ್ತು. ದಾರಿಯಲ್ಲಿ ಮಳೆ ಹಿಡಿದು ಚೀಲ ನೆನೆಯಿತು. ಸ್ವಲ್ಪ ಹೊತ್ತಿಗೆ ಆಟೋದ ತುಂಬ ಒಂದು ವಾಸನೆ ಎದ್ದಿತು... ಹಸಿಯಾದ, ತಣ್ಣಗಿನ ವಾಸನೆ. ನಾನು ಹುಟ್ಟಿದ ಮೇಲೆ ಸಮುದ್ರ ಕಂಡವಳಲ್ಲ. ನಮ್ಮ ಕಡೆಯವರಿಗೆ ದೊಡ್ಡ ನೀರು ಅಂದರೆ ಮಂಜೀರಾ ಹೊಳೆ, ಅಷ್ಟೇ. ಆದರೂ ಅದು ಸಮುದ್ರದ ವಾಸನೆ ಎಂದು ನನಗೆ ಗೊತ್ತಿತ್ತು. ನಮ್ಮ ಎದುರುಮನೆ ಸರ್ ಪರದೇಶದಿಂದ ವಾಪಸ್ ಬಂದ ದಿನ ಅವರ ಅಂಗಿಯಿಂದ ಬಂದದ್ದು ಇದೇ.

ನನಗೆ ಲೆಕ್ಕ ಕಲಿಸಿದವರು ಅವರು. ನಾರಾಯಣಖೇಡದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳಿ ಬಂದು, ಸಂಜೆ ತಮ್ಮ ಮನೆ ಕಟ್ಟೆಯ ಮೇಲೆ ಓಣಿಯ ಮಕ್ಕಳನ್ನೆಲ್ಲ ಕೂರಿಸಿಕೊಳ್ಳುತ್ತಿದ್ದರು. ನಾನು ತಪ್ಪಿದಾಗಲೆಲ್ಲ, “ಕುರಿ ಎಣಿಸೋರ ಮನಿ ಹುಡುಗಿ ನೀ. ನಿನಗೇ ಲೆಕ್ಕ ಬರಲಿಲ್ಲಂದ್ರ ಹೆಂಗವ್ವಾ?” ಎಂದು ಕಾಡುತ್ತಿದ್ದರು. “ನಾವು ಕುರಿ ಎಣಿಸಂಗಿಲ್ರಿ ಸರ್, ಎಣಿಸಿದ್ರ ಕಡಿಮಿ ಆಗ್ತಾವ,” ಅನ್ನುತ್ತಿದ್ದೆ ನಾನು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವತ್ತು ನಾನೂ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ ಅಂದರೆ ಅದು ಆ ಕಟ್ಟೆಯ ಋಣ.

ನಾನು ಬಿ.ಎಡ್. ಓದುತ್ತಿದ್ದಾಗ ಅವರಿಗೆ ಒಂದು ದ್ವೀಪದ ಶಾಲೆಯಲ್ಲಿ ನೌಕರಿ ಸಿಕ್ಕಿತು. ಎರಡು ವರ್ಷದ ಕರಾರು. ಹೊರಡುವ ಮುನ್ನ ಮನೆಯಲ್ಲಿ ಎದ್ದ ದೊಡ್ಡ ಪ್ರಶ್ನೆ ಪಾಸ್‌ಪೋರ್ಟಿನದಲ್ಲ, ಲಿಂಗದ್ದು. ಅವರು ಲಿಂಗಾಯತರು. ಕೊರಳಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಅವರ ಬಾಯಿಗೆ ತುತ್ತು. ವಿಮಾನದ ತಪಾಸಣೆಯಲ್ಲಿ ಬೆಳ್ಳಿಗೆ ಯಂತ್ರ ಕೂಗಿಕೊಂಡರೆ, ಬಿಚ್ಚಿಸಿ ಕಿತ್ತುಕೊಂಡರೆ ಏನು ಗತಿ ಎಂದು ಅಕ್ಕನಿಗೆ ಭಯ. ಅಕ್ಕ ಅಂದರೆ ಸರ್ ಅವರ ಹೆಂಡತಿ, ಓಣಿಗೆಲ್ಲ ಅಕ್ಕನೇ. ಕೊನೆಗೆ ಕರಡಿಗೆಯನ್ನು ಮನೆಯಲ್ಲೇ ಬಿಟ್ಟು, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿ ಕಳಿಸಿದಳು. ಗಂಟನ್ನು ತಾನೇ ಹಾಕಿದ್ದಳು.

ಕರಾರಿನ ಅರ್ಧವೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ನೋಡಿದರೆ ಸರ್ ಓಣಿಯ ತುದಿಯಲ್ಲಿ ನಿಂತಿದ್ದಾರೆ. ಕೈಯಲ್ಲಿ ಒಂದೇ ಚೀಲ. ನಮ್ಮ ನಾಯಿ ಅವರ ಕೈಯಿಂದಲೇ ರೊಟ್ಟಿ ತಿಂದು ಬೆಳೆದದ್ದು. ಅದು ಅವರನ್ನು ಮೂಸಿ ನೋಡಿ, ಬಾಲ ಮಡಚಿಕೊಂಡು ನಮ್ಮ ಮನೆಯೊಳಗೆ ಬಂದುಬಿಟ್ಟಿತು. ಹೊರಗೆ ಬರಲಿಲ್ಲ.

ಆ ದಿನದಿಂದ ಸರ್ ಊಟ ಬಿಟ್ಟರು. ದಿನಕ್ಕೆ ಒಂದು ಲೋಟ ಹಾಲು, ಅದೂ ಔಷಧಿ ಕುಡಿದ ಹಾಗೆ. ಅಕ್ಕ ರೊಟ್ಟಿ ಬಡಿದು ಇಟ್ಟರೆ ತಟ್ಟೆಯನ್ನು ನೋಡುತ್ತ ಕೂರುತ್ತಿದ್ದರು. ಅಕ್ಕ ಅತ್ತು ಅತ್ತು ನನ್ನನ್ನು ಕರೆದಳು. “ನೀ ಅಂದ್ರ ಅವರಿಗೆ ಜೀವ. ನೀನೇ ಕೇಳವ್ವ, ಏನಾಗ್ಯದಂತ,” ಅಂದಳು. ಕಟ್ಟೆಯ ಮೇಲೆ ಅವರ ಪಕ್ಕ ಕೂತೆ. ಅವರು ಹೇಳಿದರು.

ಆ ದ್ವೀಪದಲ್ಲಿ ಅವರು ಕ್ಲಾಸಿಗೆ ಕಾಲಿಟ್ಟ ಮೊದಲ ದಿನವೇ ಮಕ್ಕಳೆಲ್ಲ ಎದ್ದು, “ಸರ್, ವಾಪಸ್ ಬಂದ್ರಾ?” ಎಂದು ಕೇಳಿದರಂತೆ. ಮೊದಲ ಸಲ ಬಂದವರನ್ನು ವಾಪಸ್ ಬಂದ್ರಾ ಎಂದು ಕೇಳಿದರೆ ಏನು ಹೇಳುವುದು? ಆಮೇಲೆ ಅಡುಗೆಯವನಿಂದ ತಿಳಿಯಿತು. ಇವರಿಗಿಂತ ಮೊದಲು ಅಲ್ಲಿದ್ದ ಲೆಕ್ಕದ ಸರ್ ಕೂಡ ಇತ್ತಲಿನವರೇ, ತಾಂಡೂರಿನವರು, ಹಣೆಯ ಮೇಲೆ ಹೀಗೆಯೇ ಮೂರು ಪಟ್ಟೆ ವಿಭೂತಿ. ಕರಾರು ಮುಗಿಯುವ ಮೊದಲೇ ಯಾರಿಗೂ ಹೇಳದೆ ಓಡಿಹೋದರು ಎಂದು ಶಾಲೆಯವರು ಬರೆದುಕೊಂಡಿದ್ದರು. ಅಡುಗೆಯವನು ಮಾತ್ರ ಬೇರೆ ಹೇಳಿದ. ಓಡಿಹೋಗುವವರು ಚಪ್ಪಲಿಯನ್ನು ದಂಡೆಯ ಮೇಲೆ ಬಿಟ್ಟು ಹೋಗುತ್ತಾರಾ ಸರ್, ಅಂದನಂತೆ.

ನಮ್ಮ ಸರ್‌ಗೆ ಕೊಟ್ಟದ್ದು ಆ ತಾಂಡೂರಿನವರದೇ ಕೋಣೆ. ಕನ್ನಡಿಯ ಪಕ್ಕದ ಗೋಡೆಯ ಮೇಲೆ ಮೂರು ಬೆರಳಿನ ಬೂದಿ ಗುರುತು ಇತ್ತು. ವಿಭೂತಿ ಹಚ್ಚಿಕೊಂಡು ಆತ ಬೆರಳು ಒರೆಸುತ್ತಿದ್ದ ಜಾಗ. ಕೆಲವು ದಿನ ಕಳೆದ ಮೇಲೆ ಸರ್ ಗಮನಿಸಿದರು, ತಾವೂ ದಿನಾ ಅಲ್ಲಿಯೇ ಬೆರಳು ಒರೆಸುತ್ತಿದ್ದಾರೆ. ಮನೆಯಲ್ಲಿ ಅವರಿಗೆ ಆ ಚಾಳಿಯೇ ಇರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಸಮುದ್ರದಲ್ಲಿ ಮುಳುಗಿ ಎದ್ದರೆ ಕೊರಳು ಖಾಲಿ! ಅಕ್ಕ ಹಾಕಿದ ಗಂಟು ಬಿಚ್ಚಿಹೋಗಿತ್ತು. ನಮ್ಮ ಕಡೆಯ ಹಳಬರನ್ನು ಕೇಳಿದರೆ, ಲಿಂಗ ಕಳೆದುಕೊಂಡವನು ಬದುಕಿದ್ದೂ ಲೆಕ್ಕಕ್ಕಿಲ್ಲ ಅನ್ನುತ್ತಾರೆ. ಸರ್ ಸೊಂಟಮಟ್ಟ ನೀರಿನಲ್ಲಿ ನಿಂತು ದಿನಗಟ್ಟಲೆ ಹುಡುಕಿದರು. ಕಡೆಗೆ ಕಪ್ಪೆಚಿಪ್ಪು ಆಯುವ ಹೆಣ್ಣುಮಕ್ಕಳು ಊಟದ ಡಬ್ಬಿಯಲ್ಲಿಟ್ಟು ತಂದುಕೊಟ್ಟರು. ನೀರು ಇಳಿದಾಗ ಮರಳಿನಲ್ಲಿ ಸಿಕ್ಕಿತಂತೆ. ಸರ್ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಇಷ್ಟು ವರ್ಷ ದಿನಾ ಮುಟ್ಟಿದ ಲಿಂಗ ಅದಲ್ಲ ಅನ್ನಿಸಿತು. ತೂಕ ಬೇರೆ, ನುಣುಪು ಬೇರೆ.

“ಅಲ್ಲಿ ಲಿಂಗ ಕಟ್ಟಿದಾಂವ ನಾ ಬಿಟ್ರ ಆ ತಾಂಡೂರಿನಾಂವ ಒಬ್ಬನೇ,” ಅಂದರು ಸರ್. “ಸತ್ತವನ ಲಿಂಗ ಅವನ ಕೈಯಾಗ ಇಟ್ಟು ಮಣ್ಣು ಮಾಡ್ಬೇಕು ಹೌದಿಲ್ಲೋ? ಅವನಿಗೆ ಮಣ್ಣು ಸಿಕ್ಕಿಲ್ಲ. ಇದನ್ನಾರ ಅವನ ಮನಿಗಿ ಮುಟ್ಟಸ್ಬೇಕಂತ ಬಂದೀನಿ. ಅಲ್ಲೀತನ ನಾ ಊಟ ಹೆಂಗ ಮಾಡ್ಲಿ?”

ಹೀಗೆ ಅವರೂ ಯಾರಿಗೂ ಹೇಳದೆ ಬಂದಿದ್ದರು. ಈಗ ಆ ಶಾಲೆಯವರು ಇವರ ಹೆಸರಿನ ಮುಂದೆಯೂ ಓಡಿಹೋದರು ಎಂದೇ ಬರೆದಿರಬೇಕು. ಮಠದ ಅಯ್ಯನವರು ಬಂದು, “ಇದೇನು ದೊಡ್ಡ ಮಾತ್ರಿ? ಹೊಸ ಲಿಂಗ ಕಟ್ತೀನಿ, ಉಣ್ರಿ,” ಅಂದರು. ಸರ್ ಒಪ್ಪಲಿಲ್ಲ. ಕಣ್ಣೆದುರೇ ಕರಗಿ ಹೋಗುತ್ತಿದ್ದರು. ನನಗೆ ಕಂಡದ್ದು ಇಷ್ಟೇ: ಆ ಲಿಂಗ ತಾಂಡೂರು ಮುಟ್ಟದಿದ್ದರೆ ನಮ್ಮ ಸರ್ ಉಳಿಯುವುದಿಲ್ಲ.

ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ಮೂವರೂ ತಾಂಡೂರಿಗೆ ಹೋದೆವು. ದಾರಿಯುದ್ದಕ್ಕೂ ಅಕ್ಕ ಒಂದೇ ಹೇಳುತ್ತಿದ್ದಳು, “ಕೊಟ್ಟು ಬರೋಣ, ಆತು.” ನನ್ನ ತಲೆಯಲ್ಲಿ ಬೇರೆಯೇ ಇತ್ತು. ಗಂಡ ಎಲ್ಲೋ ಬದುಕಿದ್ದಾನೆ ಎಂದು ನಂಬಿ ಕೂತಿರುವ ಹೆಂಗಸಿನ ಕೈಗೆ ಇದನ್ನು ಕೊಡುವುದೆಂದರೆ ಏನು? ಸರ್ ಉಳಿಯಬೇಕಾದರೆ ಆಕೆ ವಿಧವೆಯಾಗಬೇಕು. ಇಂಥ ಲೆಕ್ಕವನ್ನು ಅವರು ನನಗೆ ಕಟ್ಟೆಯ ಮೇಲೆ ಹೇಳಿಕೊಟ್ಟಿರಲಿಲ್ಲ.

ಪರದೇಶಕ್ಕೆ ಹೋಗಿ ಬಾರದ ಸರ್ ಮನೆ ಯಾವುದೆಂದು ಕೇಳಿದರೆ ತಾಂಡೂರಿನಲ್ಲಿ ಯಾರಾದರೂ ತೋರಿಸುತ್ತಿದ್ದರು. ಕಲ್ಲುಚಪ್ಪಡಿ ಹಾಸಿದ ಸಣ್ಣ ಅಂಗಳ. ಆಕೆ ತೊಗರಿ ಹಸನು ಮಾಡುತ್ತ ಕೂತಿದ್ದಳು. ಸರ್ ಮುಂದೆ, ನಾವು ಹಿಂದೆ. ಆಕೆ ತಲೆಯೆತ್ತಿದಳು. ಮೊರ ಕೈಜಾರಿತು.

“ಬಂದ್ರಿ?” ಅಂದಳು.

ಆಮೇಲೆ ಹತ್ತಿರ ಬಂದು, ಮುಖ ನೋಡಿ, ಸೆರಗು ಬಾಯಿಗೆ ಹಿಡಿದಳು. “ತಪ್ಪಾತ್ರಿ ಅಣ್ಣಾವ್ರೆ. ನಿಂತ ಖದರು ಅವರದೇ ಕಂಡ್ತು.”

ಕೈಕಾಲು ತೊಳೆಯಿರಿ ಎಂದಳು. ಬಚ್ಚಲು ಎಲ್ಲಿದೆ ಎಂದು ಆಕೆ ತೋರಿಸುವ ಮೊದಲೇ ಸರ್ ಹಿತ್ತಲ ಕಡೆ ನಡೆದಿದ್ದರು. ನಾನು ಹಿಂದೆ ಹೋದೆ. ಬಚ್ಚಲ ಬಾಗಿಲ ಪಕ್ಕ ಒಂದು ಕನ್ನಡಿ. ಮನೆಗೆಲ್ಲ ಹೊಸದಾಗಿ ಸುಣ್ಣ ಬಳಿದಿದ್ದರು, ಕನ್ನಡಿಯ ಪಕ್ಕದಲ್ಲಿ ಮಾತ್ರ ಒಂದು ಗೇಣಿನಷ್ಟು ಜಾಗ ಬಿಟ್ಟಿದ್ದರು. ಅಲ್ಲಿ ಮೂರು ಬೆರಳಿನ ಬೂದಿ ಗುರುತು. ಸರ್ ಅದರ ಮುಂದೆ ನಿಂತಿದ್ದರು. ಕೈ ಮೇಲೆತ್ತಿದ್ದರು, ಮುಟ್ಟಿರಲಿಲ್ಲ. ನಾನು ಅವರ ಅಂಗಿಯ ತುದಿ ಹಿಡಿದು ಎಳೆದುಕೊಂಡು ಬಂದೆ, ಚಿಕ್ಕ ಮಕ್ಕಳನ್ನು ಬಾವಿಯ ಅಂಚಿನಿಂದ ಎಳೆದ ಹಾಗೆ.

ಪಡಸಾಲೆಯಲ್ಲಿ ಕೂತು ಸರ್ ಎಲ್ಲವನ್ನೂ ಹೇಳಿದರು, ಚಪ್ಪಲಿಯ ಮಾತನ್ನೂ. ವಸ್ತ್ರ ಬಿಚ್ಚಿ ಲಿಂಗವನ್ನು ಆಕೆಯ ಮುಂದಿಟ್ಟರು. ಆಕೆ ಅದನ್ನು ಮುಟ್ಟಲೂ ಇಲ್ಲ. ಎದ್ದು ದೇವರ ಜಗಲಿಯಿಂದ ಒಂದು ಬೆಳ್ಳಿ ಕರಡಿಗೆ ತಂದು ತೆರೆದಳು.

“ನಮ್ಮನ್ಯಾವ್ರದು ಇಲ್ಲೇ ಅದರಿ. ವಿಮಾನದಾಗ ಕಿತ್ಕೊಂತಾರಂತ ಅಂಜಿ ನಾನೇ ಬಿಚ್ಚಿಸಿ ಇಟ್ಕೊಂಡೆ. ಹೋಗಿ ಬರೂತನ ನಾ ಪೂಜಿ ಮಾಡ್ತೀನಂದೆ. ಬರಿ ಕೊರಳಾಗ ಹೋಗ್ಯಾರ.”

ಅಕ್ಕ ನನ್ನ ಕೈ ಹಿಡಿದಳು. ಇಬ್ಬರು ಹೆಂಗಸರಿಗೂ ಒಂದೇ ಭಯ. ಒಬ್ಬಳು ವಸ್ತ್ರದಲ್ಲಿ ಗಂಟು ಹಾಕಿದಳು, ಒಬ್ಬಳು ಬಿಚ್ಚಿ ಇಟ್ಟುಕೊಂಡಳು.

ಸರ್ ತಮ್ಮ ಮುಂದಿದ್ದ ಲಿಂಗವನ್ನು ನೋಡುತ್ತ, ಸಣ್ಣ ಹುಡುಗನ ಹಾಗೆ ಕೇಳಿದರು, “ಹಂಗಾರ ಇದು ನಂದೇ ಏನ್ರಿ?”

“ನನಗ ಹೆಂಗ ಗೊತ್ತಾಗ್ಬೇಕ್ರಿ?” ಅಂದಳು ಆಕೆ.

ಅದು ನಮ್ಮ ಸರ್ ಅವರದೇ. ನನಗೆ ಅದರಲ್ಲಿ ಸಂಶಯವಿಲ್ಲ. ಉಪ್ಪುನೀರು ಮೇಲಿನ ಕಪ್ಪು ಲೇಪವನ್ನು ತಿಂದಿರಬೇಕು, ಅದಕ್ಕೇ ತೂಕ, ನುಣುಪು ಬದಲಾಗಿರಬೇಕು. ಊರಿಗೆ ಬಂದ ಮೇಲೆ ಅಯ್ಯನವರೂ ಹಾಗೆಯೇ ಹೇಳಿ, ಮಂತ್ರ ಹೇಳಿ ಅದನ್ನೇ ಅವರ ಕೊರಳಿಗೆ ಕಟ್ಟಿದರು. ಸರ್ ಊಟ ಶುರು ಮಾಡಿದರು. ಆದರೆ ಕಟ್ಟೆಯ ಮೇಲೆ ಮತ್ತೆ ಪಾಠ ಹೇಳಲಿಲ್ಲ. ಉಣ್ಣುವಾಗ ಪಕ್ಕಕ್ಕೆ ಸ್ವಲ್ಪ ಜಾಗ ಬಿಟ್ಟು ಕೂರುತ್ತಿದ್ದರು. ಅಲ್ಲಿ ಬೇರೆಯವರು ಕೂರಲು ಹೋದರೆ ಸುಮ್ಮನೆ ಕೈ ಅಡ್ಡ ಹಿಡಿಯುತ್ತಿದ್ದರು. “ಅಲ್ಲಿಂದ ಬರಾಗ ನಾ ಒಬ್ಬನೇ ಬಂದಿಲ್ಲವ್ವ,” ಎಂದು ಒಮ್ಮೆ ನನಗೆ ಹೇಳಿದರು. ಹೆದರಿಸುವ ದನಿಯಲ್ಲ. ಊರಿಂದ ನೆಂಟರು ಬಂದಿದ್ದಾರೆ ಅನ್ನುವ ಹಾಗೆ ಹೇಳಿದರು. ನಮ್ಮ ನಾಯಿ ಕೊನೆಯವರೆಗೂ ಆ ಕಟ್ಟೆ ಹತ್ತಲಿಲ್ಲ...

ಕೆಲವು ವರ್ಷ ಹಾಗೇ ಕಳೆದವು. ಒಂದು ಚಳಿಗಾಲದ ಬೆಳಿಗ್ಗೆ ಸರ್ ಪೂಜೆಗೆ ಕೂತವರು ಏಳಲಿಲ್ಲ. ಅಕ್ಕ ತಾಂಡೂರಿಗೂ ಫೋನ್ ಮಾಡಿಸಿದಳು. ಊರ ಹೊರಗಿನ ಹೊಲದಲ್ಲಿ ಗುಂಡಿ ತೋಡಿ, ಸರ್ ಅವರನ್ನು ಒಳಗೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟಿದ್ದರು. ಆಗ ತಾಂಡೂರಿನಾಕೆ ಬಂದಳು. ಕೈಯಲ್ಲಿ ಅದೇ ಕರಡಿಗೆ. ನೇರವಾಗಿ ಅಕ್ಕನ ಹತ್ತಿರ ಹೋದಳು.

“ಅಕ್ಕಾ, ನಮ್ಮವ್ರಿಗಿ ಮಣ್ಣು ಎಲ್ಲಿಂದ ತರ್ಲಿ? ಅಣ್ಣಾವ್ರ ಬಲಗೈ ಖಾಲಿ ಅದ...”

ಅಯ್ಯನವರು ಬೇಡ ಅಂದರು. ಒಂದು ಸಮಾಧಿಗೆ ಎರಡು ಲಿಂಗ ಕೂಡದು, ಎಲ್ಲೂ ಕಂಡಿಲ್ಲ, ಕೇಳಿಲ್ಲ ಅಂದರು. ಮಂದಿಯೂ ಗುಜುಗುಜು ಎಂದರು. ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ಕರಡಿಗೆ ತೆಗೆದುಕೊಂಡು, ಲಿಂಗ ಹೊರತೆಗೆದು, ಗುಂಡಿಯೊಳಗೆ ಇಳಿದಿದ್ದ ತನ್ನ ಮೈದುನನ ಕೈಗೆ ಕೊಟ್ಟಳು. “ಇಡು,” ಅಂದಳು. “ಇವರು ಅವರನ್ನ ಅಲ್ಲಿಂದ ಇಲ್ಲೀತನ ಕರ್ಕೊಂಡು ಬಂದಾರ. ಈಗ ಹೊರಗ ಬಿಟ್ಟು ಹೋಗಾಕ ಆಗ್ತದೇನು?”

ಮಣ್ಣು ಮುಚ್ಚಿದರು. ಓಣಿಯ ಹೆಂಗಸರು ಅಕ್ಕನ ಬಳೆ ತೆಗೆಯಲು ಕೂತರು. ತಾಂಡೂರಿನಾಕೆ ಅಕ್ಕನ ಪಕ್ಕದಲ್ಲಿ ಕೂತು, ತನ್ನ ಎರಡೂ ಕೈಗಳನ್ನು ಮುಂದೆ ಚಾಚಿದಳು. ಅಷ್ಟು ವರ್ಷ ಹಸಿರು ಬಳೆ ತೊಟ್ಟಿದ್ದ ಕೈ. ಬಳೆ ತೆಗೆಯುತ್ತಿದ್ದ ನಮ್ಮವ್ವ ಜೋರಾಗಿ ಅತ್ತುಬಿಟ್ಟಳು. ನಾನೂ ಅತ್ತೆ.

ಈಗ ಅಕ್ಕ ಇದ್ದಾಳೆ, ಅಮಾವಾಸ್ಯೆಗೆ ತಾಂಡೂರಿನಾಕೆ ಬರುತ್ತಾಳೆ, ಇಬ್ಬರೂ ಸಮಾಧಿಗೆ ನೀರು ಹಾಕಿ ಬರುತ್ತಾರೆ. ಶಾಲೆ ಬಿಟ್ಟ ಮೇಲೆ ನಾನೂ ಆಗಾಗ ಆ ಹೊಲಕ್ಕೆ ಹೋಗುತ್ತೇನೆ. ಸರ್‌ಗೆ ಹೇಳುವುದು ಬಹಳ ಇರುತ್ತದೆ. ಯಾವ ಮಗುವಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿಲ್ಲ, ಅಣ್ಣ ಕುರಿ ಮಾರಿ ಏನು ಪಾಡು ಪಟ್ಟ, ನನಗೆ ಅವರು ಎಷ್ಟು ನೆನಪಾಗುತ್ತಾರೆ. ಬೈಸಿಕೊಳ್ಳಬೇಕು ಅನ್ನಿಸುತ್ತದೆ. “ಸರ್” ಅನ್ನುತ್ತೇನೆ. ಅಲ್ಲಿಗೆ ನಾಲಿಗೆ ನಿಂತುಬಿಡುತ್ತದೆ. ಆ ಇನ್ನೊಬ್ಬರೂ ಸರ್ ಅಲ್ಲವೇ, ಅವರೂ ಕೇಳಿಸಿಕೊಳ್ಳುತ್ತಾರೆ. ಅವರ ಮುಖವನ್ನೇ ನಾನು ಕಂಡಿಲ್ಲ. ಗುರುತಿಲ್ಲದ ದೊಡ್ಡವರ ಮುಂದೆ ಮನೆಯ ಮಾತು ಆಡುವುದು ಹೇಗೆ? ಸೆರಗು ಸರಿಮಾಡಿಕೊಂಡು, ಇಬ್ಬರಿಗೂ ಕೈಮುಗಿದು, ಸುಮ್ಮನೆ ಮನೆಗೆ ಬರುತ್ತೇನೆ.